ಕುಣಿಯಬಲ್ಲವರಿಗೆ ನೆಲವಿಲ್ಲ

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತಮ್ಮ ಅಸಾಮರ್ಥ್ಯದ ಹೊಣೆಯನ್ನು ಕಾಲ ಕೆಳಗಿನ ನೆಲದ ಮೇಲೆ ಹೊರಿಸುವವರನ್ನು ಹಂಗಿಸುವುದಕ್ಕಾಗಿ ಹಿರಿಯರು ಕಟ್ಟಿದ ಮಾತು ಅದು. ಆದರೆ ಇದಕ್ಕೆ ತೀರ ವಿಪರೀತವಾದ ಪ್ರಸಂಗವೂ ಲೋಕದಲ್ಲಿ ಉಂಟು. ಕುಣಿಯಬಲ್ಲವಳು ಎದುರಿಗೇ ಇದ್ದಾಳೆ. ಅವಳ ಕುಣಿತವನ್ನು ಕಾಣಲು ಸಹಸ್ರಾರು ಜನ ನೆರೆದಿದ್ದಾರೆ. ಅಷ್ಟರಲ್ಲಿ ಯಾರೋ ಬಂದು, ಹಾಸಿದ ಜಮಖಾನೆಯನ್ನು ಸುತ್ತಿ ಒಯ್ಯುವಂತೆ ನೆಲವನ್ನೇ ಸುತ್ತಿ ಒಯ್ದುಬಿಡುತ್ತಾರೆ. ಆಗ ಡೊಂಕಾದುದು ಯಾವುದು? ಇಂಥದೊಂದು ಪ್ರಸಂಗ ಇಂಗ್ಲೆಂಡಿನ ಗಿರಣಿಯೂರೊಂದರ ಹೆಣ್ಣುಮಕ್ಕಳ ಕಾಲ್ಚೆಂಡಿನ ಸಂಘಕ್ಕೆ ಒದಗಿತು. ಆ ಊರಿಗೂ ಧಾರವಾಡದ ಸೀಮೆಗೂ ನಡುವೆ ಹತ್ತಿಯ ಎಳೆಯೊಂದು ಹಾದುಹೋಗಿರುವುದರಿಂದ ಕಥೆಯನ್ನು ಇಲ್ಲಿಂದಲೇ ತೊಡಗುವುದು ಉಚಿತ.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸುತ್ತ ಕಣ್ಣು ಹಾಯುವವರೆಗೆ ಹಬ್ಬಿದ ಎರೆಯ ಭೂಮಿ ಹತ್ತಿಗೆ ಹೇಳಿ ಮಾಡಿಸಿದಂತಹುದು. ೧೮೪೦ರ ದಶಕದಲ್ಲಿ ಕುಂಪಣಿ ಸರಕಾರವು ಅಮೆರಿಕೆಯಿಂದ ಹತ್ತಿಯ ಬೇಸಾಯಗಾರರನ್ನು ಕರೆಯಿಸಿ, ಅಲ್ಲಿಯ ಬೀಜವನ್ನು ಈ ದೇಶದಲ್ಲಿ ಬಿತ್ತಿಸಿ ನೋಡಿತು. ಹಲವು ಪ್ರಾಂತಗಳಲ್ಲಿ ಸೋತುಹೋದ ಆ ಬೀಜ ಧಾರವಾಡದ ಎರೆಯಲ್ಲಿ ಬೇರೂರಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರನ್ನು ಪಡೆದು ಹಡಗನ್ನೇರಿ ಇಂಗ್ಲೆಂಡಿನ ಪೇಟೆಗೆ ಹೋಯಿತು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು, ಲ್ಯಾಂಕಶೈರ್ ಪ್ರಾಂತದ ಗಿರಣಿಗಳು ಹತ್ತಿಯಿಲ್ಲದೆ ಬಾಯಿಬಿಟ್ಟು ಕುಳಿತಾಗ ಈ ಸೀಮೆಯ ಅರಳೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಇಲ್ಲಿ ಹೊಲದಲ್ಲಿ ಹತ್ತಿಯನ್ನು ಬಿಡಿಸಿದವರು ಹೆಂಗಸರು. ಅಲ್ಲಿ ಗಿರಣಿಯ ಮಗ್ಗಗಳ ಮುಂದೆ ದಿನವೆಲ್ಲ ನಿಂತವರಲ್ಲಿಯೂ ಹೆಚ್ಚಿನವರು ಹೆಂಗಸರೇ. ಒಬ್ಬರ ಮುಖವನ್ನು ಒಬ್ಬರು ಕಾಣದಿದ್ದರೂ ಒಂದೇ ಎಳೆಯ ಎರಡು ತುದಿಗಳನ್ನು ಅವರು ಹಿಡಿದಿದ್ದರು.

ಲ್ಯಾಂಕಶೈರಿನ ಆ ಗಿರಣಿಯೂರುಗಳಲ್ಲಿ ಪ್ರೆಸ್ಟನ್ ಒಂದು. ನೂಲುವ ಯಂತ್ರದಿಂದ ಪ್ರಸಿದ್ಧನಾದ ರಿಚರ್ಡ್ ಆರ್ಕ್‌ರೈಟ್ ೧೭೩೨ರಲ್ಲಿ ಹುಟ್ಟಿದ್ದು ಅಲ್ಲಿಯೇ. ಕಾಲ್ಚೆಂಡಿನ ಆಟಕ್ಕೂ ಆ ಊರು ಹೆಸರುವಾಸಿ. ೧೮೮೮-೮೯ರಲ್ಲಿ ಇಂಗ್ಲೆಂಡಿನ ಮೊಟ್ಟಮೊದಲ ಲೀಗ್ ಪಂದ್ಯಾವಳಿ ನಡೆದಾಗ ಒಂದು ಪಂದ್ಯವನ್ನೂ ಸೋಲದೆ ಗೆದ್ದುದು ಪ್ರೆಸ್ಟನ್ ನಾರ್ತ್ ಎಂಡ್ ಎಂಬ ಆ ಊರಿನ ಸಂಘ. ಡೀಪ್‌ಡೇಲ್ ಎಂಬ ಅದರ ಕ್ರೀಡಾಂಗಣ ಊರವರಿಗೆ ಹೆಮ್ಮೆಯ ಸ್ಥಳವಾಗಿತ್ತು. ಅಲ್ಲಿ ಆಡುವವರು ಗಂಡಸರು, ನೋಡುವವರಲ್ಲಿಯೂ ಬಹುಮಟ್ಟಿಗೆ ಗಂಡಸರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ತೊಡಗಿತು. ಊರಿನ ತರುಣರು ರಣರಂಗಕ್ಕೆ ತೆರಳಿದರು. ಪ್ರೆಸ್ಟನ್ನಿನಲ್ಲಿ ಟ್ರಾಮುಬಂಡಿ, ರೈಲ್ವೆ ಸಾಮಗ್ರಿಗಳನ್ನು ತಯಾರಿಸುತ್ತಿದ್ದ ಡಿಕ್, ಕೆರ್ ಎಂಬ ಕಾರಖಾನೆ ಮದ್ದುಗುಂಡುಗಳನ್ನು ಮಾಡತೊಡಗಿತು. ಗಂಡಸರು ಬಿಟ್ಟುಹೋದ ಯಂತ್ರಗಳ ಮುಂದೆ ಹೆಣ್ಣುಮಕ್ಕಳು ಬಂದು ನಿಂತರು. ಕೆಲಸ ಕಠಿಣ, ಬೇಸರದ್ದು, ಅಪಾಯದ್ದು. ನಡುವೆ ದೊರೆಯುತ್ತಿದ್ದ ಸ್ವಲ್ಪ ಬಿಡುವಿನಲ್ಲಿ ಅವರು ಕಾರಖಾನೆಯ ಅಂಗಳದಲ್ಲಿ ಹುಡುಗರೊಡನೆ ಚೆಂಡನ್ನು ಒದೆಯುತ್ತಿದ್ದರು. ೧೯೧೭ರ ಶರತ್ಕಾಲದಲ್ಲಿ ಕಾರಖಾನೆಯ ಗಂಡಸರ ತಂಡ ಮೇಲಿಂದ ಮೇಲೆ ಸೋಲುತ್ತಿರಲು, ಗ್ರೇಸ್ ಸಿಬರ್ಟ್ ಎಂಬಾಕೆ ಅವರನ್ನು ಕೆಣಕಿ, ‘ನಿಮಗಿಂತ ನಾವೇ ಚೆನ್ನಾಗಿ ಆಡಿಯೇವು’ ಎಂಬ ಅರ್ಥದ ಮಾತನ್ನಾಡಿದಳಂತೆ. ಕುಚೋದ್ಯದ ಮಾತು ಸವಾಲಾಯಿತು, ಸವಾಲು ಪಂದ್ಯವಾಯಿತು, ಪಂದ್ಯದಿಂದ ಒಂದು ಸಂಘವೇ ಹುಟ್ಟಿಕೊಂಡಿತು. ಕಚೇರಿಯ ಕಿಟಕಿಯಿಂದ ಅವರ ಆಟವನ್ನು ನೋಡುತ್ತಿದ್ದ ಆಲ್‌ಫ್ರೆಡ್ ಫ್ರಾಂಕ್‌ಲ್ಯಾಂಡ್ ಎಂಬ ನೌಕರ ಅದರ ವ್ಯವಸ್ಥೆಯ ಹೊಣೆಯನ್ನು ಹೊತ್ತ. ಸಂಘಕ್ಕೆ ಕಾರಖಾನೆಯ ಹೆಸರೇ ನಿಂತಿತು: ಡಿಕ್, ಕೆರ್ ಮಹಿಳೆಯರು.

೧೯೧೭ರ ಕ್ರಿಸ್‌ಮಸ್ ದಿನ ಅವರ ಮೊದಲ ದೊಡ್ಡ ಪಂದ್ಯ ನಡೆಯಿತು. ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸುವುದು ಅದರ ಉದ್ದೇಶ. ಫ್ರಾಂಕ್‌ಲ್ಯಾಂಡ್ ಧೈರ್ಯಮಾಡಿ ಡೀಪ್‌ಡೇಲ್ ಕ್ರೀಡಾಂಗಣವನ್ನೇ ಬಾಡಿಗೆಗೆ ಹಿಡಿದಿದ್ದ. ಎದುರಾಳಿಗಳು ಅದೇ ಊರಿನ ಇನ್ನೊಂದು ಎರಕದ ಕಾರಖಾನೆಯ ಹೆಣ್ಣುಮಕ್ಕಳು. ಹತ್ತು ಸಾವಿರ ಜನ ಬಂದರು. ಬಂದವರಲ್ಲಿ ಎಷ್ಟೋ ಮಂದಿ ನಗುವುದಕ್ಕಾಗಿಯೇ ಬಂದಿದ್ದರೆಂದರೆ ತಪ್ಪಾಗಲಾರದು. ಡಿಕ್, ಕೆರ್ ತಂಡ ನಾಲ್ಕು ಗೋಲುಗಳಿಂದ ಗೆದ್ದಿತು. ಆಸ್ಪತ್ರೆಗೆ ೬೦೦ ಪೌಂಡುಗಳಷ್ಟು ಹಣ ಕೂಡಿತು. ನಗುವುದಕ್ಕೆ ಬಂದವರು ಆಟವನ್ನು ನೋಡಿ ಮನೆಗೆ ಹೋದರು, ಮತ್ತೆ ಬಂದರು.

ಯುದ್ಧ ೧೯೧೮ರಲ್ಲಿ ಮುಗಿಯಿತು. ಗಂಡಸರು ಮರಳಿದರು, ಹೆಂಗಸರು ಯಂತ್ರಗಳನ್ನು ಬಿಟ್ಟು ಮನೆಗೆ ಹೋಗಬೇಕೆಂಬ ಮಾತು ಎಲ್ಲೆಡೆಯೂ ಕೇಳಿಬಂದಿತು. ಆದರೆ ಈ ಸಂಘ ಮುಗಿಯಲಿಲ್ಲ. ೧೯೨೦ರ ವಸಂತದಲ್ಲಿ ಫ್ರಾನ್ಸಿನಿಂದ ಆಲಿಸ್ ಮಿಲಿಯಾ ಎಂಬ ಸಾಹಸಿ ಮಹಿಳೆ ತನ್ನ ದೇಶದ ಆಟಗಾರ್ತಿಯರನ್ನು ಕರೆತಂದಳು. ಡೀಪ್‌ಡೇಲಿನಲ್ಲಿ ನಡೆದ ಮೊದಲ ಪಂದ್ಯಕ್ಕೆ ೨೫,೦೦೦ ಪ್ರೇಕ್ಷಕರು ನೆರೆದರು. ಆ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಅಚ್ಚರಿ ನಡೆಯಿತು. ನಿರುದ್ಯೋಗಿಗಳಾದ ಮಾಜಿ ಸೈನಿಕರ ನೆರವಿಗಾಗಿ ರಾತ್ರಿಯ ಹೊತ್ತು ಪಂದ್ಯವಾಡಬೇಕೆಂದು ಇವರು ನಿಶ್ಚಯಿಸಿದರು. ಆಗ ಯುದ್ಧಖಾತೆಯ ಮಂತ್ರಿಯಾಗಿದ್ದವರು ವಿನ್‌ಸ್ಟನ್ ಚರ್ಚಿಲ್. ಶತ್ರುವಿಮಾನಗಳನ್ನು ಹುಡುಕಲು ಇರಿಸಿದ್ದ ಎರಡು ಶೋಧದೀಪಗಳನ್ನು ಆ ಖಾತೆ ಎರವಲು ಕೊಟ್ಟಿತು. ಕತ್ತಲಲ್ಲಿ ಕಾಣಲೆಂದು ಚೆಂಡಿಗೆ ಆಗಾಗ ಸುಣ್ಣ ಬಳಿಯುತ್ತಿದ್ದರು. ಹನ್ನೆರಡು ಸಾವಿರ ಜನ ಆ ಬೆಳಕಿನಲ್ಲಿ ಆಟವನ್ನು ಕಂಡರು.

ಕ್ರಿಸ್‌ಮಸ್ಸಿನ ಮರುದಿನ, ಅಂದರೆ ೧೯೨೦ರ ಡಿಸೆಂಬರ್ ೨೬ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ಊರಿನ ತಂಡದೊಡನೆ ಪಂದ್ಯ. ಹಿಂದೆ ಧಾರವಾಡದ ಹತ್ತಿಯನ್ನು ಇಳಿಸಿಕೊಂಡಿದ್ದ ಬಂದರಿನ ಊರೇ ಅದು. ಒಳಗೆ ೫೩,೦೦೦ ಜನ. ಜಾಗವಿಲ್ಲದೆ ಹೊರಗೆ ಉಳಿದವರು ಸಹಸ್ರಗಟ್ಟಲೆ. ತಂಡದ ಗೋಲುವೀರಳಾದ ಫ್ಲಾರಿ ರೆಡ್‌ಫರ್ಡ್‌ಗೆ ರೈಲು ತಪ್ಪಿಹೋಯಿತು. ಆದರೂ ಹೆದರದೆ ನಾಯಕಿ ಆಲಿಸ್ ಕೆಲ್ ರಕ್ಷಣೆಯ ಸ್ಥಾನವನ್ನು ಬಿಟ್ಟು ಮುಂದಕ್ಕೆ ಬಂದು, ದ್ವಿತೀಯಾರ್ಧದಲ್ಲಿ ತಾನೇ ಮೂರು ಗೋಲು ಹೊಡೆದಳು. ಅಂದು ಕೂಡಿದ ಹಣ ೩,೧೧೫ ಪೌಂಡು; ಅಷ್ಟೂ ಸತ್ಕಾರ್ಯಗಳಿಗೆ ಸಂದಿತು. ಬ್ರಿಟನ್ನಿನಲ್ಲಿ ಮಹಿಳೆಯರ ಕಾಲ್ಚೆಂಡಿನ ಪಂದ್ಯಕ್ಕೆ ಅಷ್ಟು ಜನ ಮತ್ತೆ ನೆರೆದುದು ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ, ೯೨ ವರ್ಷಗಳ ತರುವಾಯ!

ಈ ನಡುವೆ ತಂಡಕ್ಕೆ ಲಿಲಿ ಪಾರ್ ಎಂಬ ಹುಡುಗಿಯೊಬ್ಬಳು ಸೇರಿದ್ದಳು. ೧೯೦೫ರಲ್ಲಿ ಸೇಂಟ್ ಹೆಲೆನ್ಸಿನ ಶ್ರಮಿಕ ಕುಟುಂಬದಲ್ಲಿ ಹುಟ್ಟಿದವಳು. ಅಣ್ಣತಮ್ಮಂದಿರೊಡನೆ ಬಯಲಿನಲ್ಲಿ ಚೆಂಡನ್ನು ಒದೆದು ಬೆಳೆದವಳು. ಪ್ರೆಸ್ಟನ್ನಿಗೆ ಬಂದಾಗ ವಯಸ್ಸು ಇನ್ನೂ ಹದಿನೈದರ ಆಸುಪಾಸು. ಎತ್ತರದ ನಿಲುವು, ಸಿಡಿಲಿನಂಥ ಎಡಗಾಲು. ಗಂಡಸರಲ್ಲಿಯೂ ಅಷ್ಟು ಬಲವಾಗಿ ಒದೆಯುವವರು ಕಡಿಮೆಯೆಂಬ ಖ್ಯಾತಿಯನ್ನು ಅವಳು ಬೇಗನೆ ಗಳಿಸಿದಳು. ಮೂವತ್ತು ವರ್ಷಗಳ ಆಟದಲ್ಲಿ ಅವಳು ಹೊಡೆದ ಗೋಲುಗಳು ಒಂಬೈನೂರಕ್ಕೂ ಹೆಚ್ಚೆಂದು ಲೆಕ್ಕ ಹಾಕಿದ್ದಾರೆ.

೧೯೨೧ರಲ್ಲಿ ಈ ತಂಡ ಆಡಿದ ಪಂದ್ಯಗಳು ೬೭. ವಾರದಲ್ಲಿ ಐದಾರು ದಿನ ಕಾರಖಾನೆಯ ದುಡಿಮೆ. ಉಳಿದ ಸಮಯದಲ್ಲಿ ರೈಲಿನ ಪ್ರಯಾಣ, ಆಟ. ದುಡಿಮೆಯ ನಷ್ಟವನ್ನು ತುಂಬಿಕೊಳ್ಳಲು ಪಂದ್ಯಕ್ಕೆ ಹತ್ತು ಶಿಲಿಂಗು. ಆ ವರ್ಷ ಅವರ ಆಟವನ್ನು ಒಟ್ಟು ಒಂಬತ್ತು ಲಕ್ಷ ಜನ ನೋಡಿದರೆಂದು ಅಂದಾಜು. ಇಂಗ್ಲೆಂಡಿನಲ್ಲಿ ನೂರೈವತ್ತರಷ್ಟು ಮಹಿಳಾ ಸಂಘಗಳು ಅಷ್ಟರಲ್ಲಿ ತಲೆಯೆತ್ತಿದ್ದವು. ಅದೇ ವರ್ಷ ಗಣಿಗಾರರು ಬೀಗಮುದ್ರೆಗೆ ಸಿಕ್ಕಿ ಕೂಳಿಲ್ಲದೆ ಕುಳಿತಾಗ ಆ ಕುಟುಂಬಗಳ ಸಹಾಯಕ್ಕಾಗಿಯೂ ಹೆಣ್ಣುಮಕ್ಕಳ ತಂಡಗಳು ಆಡಿದವು. ಗಾಯಾಳು ಸೈನಿಕನಿಗಾಗಿ ಆಡಿದಾಗ ಚಪ್ಪಾಳೆ ತಟ್ಟಿದ ದೊಡ್ಡವರಿಗೆ, ಮುಷ್ಕರದ ಮನೆಗಳಿಗಾಗಿ ಆಡಿದಾಗ ಅಷ್ಟು ಹಿತವೆನಿಸಲಿಲ್ಲ. ಯುದ್ಧದ ಕಾಲದಲ್ಲಿ ದೇಶಸೇವೆಯಾಗಿದ್ದ ಆಟ ಶಾಂತಿಯ ಕಾಲದಲ್ಲಿ ಅತಿರೇಕವಾಗಿ ಕಾಣತೊಡಗಿತು.

೧೯೨೧ರ ಡಿಸೆಂಬರ್ ೫ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಲಂಡನ್ನಿನಲ್ಲಿ ಸಭೆ ಸೇರಿ ಒಂದು ಠರಾವು ಮಾಡಿತು. ಕಾಲ್ಚೆಂಡಿನ ಆಟ ಸ್ತ್ರೀಯರಿಗೆ ತಕ್ಕುದಲ್ಲ. ಅದಕ್ಕೆ ಪ್ರೋತ್ಸಾಹ ಕೊಡಕೂಡದು. ಪಂದ್ಯಗಳಿಂದ ಬಂದ ಹಣದಲ್ಲಿ ಖರ್ಚಿಗೆ ಹೋಗುವ ಪಾಲು ಹೆಚ್ಚಾಗಿ ಧರ್ಮಕಾರ್ಯಕ್ಕೆ ಸಲ್ಲುವ ಪಾಲು ಕಡಿಮೆಯಾಗಿದೆ. ಆದಕಾರಣ ಅಸೋಸಿಯೇಷನ್ನಿಗೆ ಸೇರಿದ ಸಂಘಗಳು ತಮ್ಮ ಮೈದಾನಗಳನ್ನು ಮಹಿಳೆಯರ ಪಂದ್ಯಗಳಿಗೆ ಕೊಡಬಾರದು ಎಂಬುದು ಅದರ ತಾತ್ಪರ್ಯ. ಈ ಆಟದಿಂದ ಹೆಣ್ಣಿನ ದೇಹಕ್ಕೆ ಹಾನಿಯೆಂದು ಅಭಿಪ್ರಾಯ ಕೊಟ್ಟ ವೈದ್ಯರೂ ಆಗ ಇದ್ದರು. ಅದೇ ದೇಹ ದಿನಕ್ಕೆ ಹತ್ತು ಹನ್ನೆರಡು ಗಂಟೆ ತೋಪಿನ ಗುಂಡುಗಳನ್ನು ಹೊತ್ತು ಸಾಗಿಸಿದಾಗ ಹಾನಿಯ ಮಾತನ್ನು ಎತ್ತಿದವರು ಎಷ್ಟು ಮಂದಿ ಎಂಬುದನ್ನು ಓದುಗರೇ ಊಹಿಸಬಹುದು.

ಈ ಠರಾವಿನ ಚಾತುರ್ಯವನ್ನು ಗಮನಿಸಬೇಕು. ಹೆಂಗಸರು ಆಡಬಾರದೆಂದು ಅದು ಹೇಳಲಿಲ್ಲ. ಹಾಗೆ ಹೇಳುವ ಅಧಿಕಾರ ಅಸೋಸಿಯೇಷನ್ನಿಗೆ ಇರಲೂ ಇಲ್ಲ. ನೆಲವನ್ನು ಕೊಡಬೇಡಿ ಎಂದಿತು, ಅಷ್ಟೆ. ಸಹಸ್ರಾರು ಜನ ಕೂಡಬಲ್ಲ, ಬೇಲಿಯೂ ಬಾಗಿಲೂ ಇದ್ದು ಟಿಕೀಟಿನ ಹಣ ಸಂಗ್ರಹಿಸಬಲ್ಲ ಮೈದಾನಗಳೆಲ್ಲ ಅದರ ಅಧೀನದಲ್ಲಿದ್ದ ಸಂಘಗಳ ಕೈಯಲ್ಲಿದ್ದವು. ಆ ಬಾಗಿಲುಗಳು ಮುಚ್ಚಿದ ಮೇಲೆ ಉಳಿದುದು ಊರ ಹೊರಗಿನ ಬಯಲು, ಉದ್ಯಾನದ ಹುಲ್ಲು. ಅಲ್ಲಿ ಪ್ರೇಕ್ಷಕರಿಗೆ ಕೂರಲು ಸ್ಥಳವಿಲ್ಲ; ಪ್ರೇಕ್ಷಕರಿಲ್ಲದೆ ಹಣವಿಲ್ಲ; ಹಣವಿಲ್ಲದೆ ಪ್ರಯಾಣವಿಲ್ಲ; ಪ್ರಯಾಣವಿಲ್ಲದೆ ಎದುರಾಳಿಗಳಿಲ್ಲ. ಯಾವ ಪೊಲೀಸನೂ ಬರಲಿಲ್ಲ, ಯಾವ ಆಟಗಾರ್ತಿಗೂ ದಂಡ ಬೀಳಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಆ ನೂರೈವತ್ತು ಸಂಘಗಳಲ್ಲಿ ಹೆಚ್ಚಿನವು ಹೇಳಹೆಸರಿಲ್ಲದಂತೆ ಕರಗಿಹೋದವು.

ಡಿಕ್, ಕೆರ್ ಹುಡುಗಿಯರು ಮಾತ್ರ ಸುಲಭವಾಗಿ ಕರಗಲಿಲ್ಲ. ೧೯೨೨ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಕೆನಡದಲ್ಲಿಯೂ ಆಡಗೊಡಲಿಲ್ಲ. ಅಮೆರಿಕೆಯಲ್ಲಿ ಎದುರಿಗೆ ನಿಲ್ಲಲು ಮಹಿಳೆಯರ ತಂಡಗಳೇ ಇರಲಿಲ್ಲವಾದುದರಿಂದ ಗಂಡಸರ ತಂಡಗಳೊಡನೆಯೇ ಆಡಿದರು. ಕೆಲವು ಪಂದ್ಯಗಳನ್ನು ಗೆದ್ದು, ಕೆಲವನ್ನು ಸಮಮಾಡಿ, ಕೆಲವನ್ನು ಸೋತು ಮರಳಿದರು. ೧೯೨೬ರಲ್ಲಿ ಕಾರಖಾನೆಯ ಆಡಳಿತಕ್ಕೂ ಫ್ರಾಂಕ್‌ಲ್ಯಾಂಡನಿಗೂ ಮನಸ್ತಾಪವಾಗಿ ಕಾರಖಾನೆಯ ಆಶ್ರಯವೂ ತಪ್ಪಿತು. ಸಂಘ ‘ಪ್ರೆಸ್ಟನ್ ಲೇಡೀಸ್’ ಎಂಬ ಹೆಸರನ್ನು ಇಟ್ಟುಕೊಂಡು ಆಟವನ್ನು ಮುಂದುವರಿಸಿತು. ಲಿಲಿ ಪಾರ್ ಮೊದಲಾದ ಹಲವರು ಸಮೀಪದ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಹಗಲು ರೋಗಿಗಳ ಶುಶ್ರೂಷೆ, ಬಿಡುವಿನಲ್ಲಿ ಚೆಂಡು. ಎರಡನೆಯ ಮಹಾಯುದ್ಧ ಬಂದಿತು, ಹೋಯಿತು. ಲಿಲಿ ಆಟದಿಂದ ನಿವೃತ್ತಳಾದುದು ೧೯೫೧ರಲ್ಲಿ. ಕೊನೆಗೆ, ೧೯೬೫ರಲ್ಲಿ, ಆಡುವವರ ಕೊರತೆಯಿಂದ ಸಂಘದ ಬಾಗಿಲು ಮುಚ್ಚಿತು. ಅಷ್ಟು ಹೊತ್ತಿಗೆ ಅದು ಆಡಿದ್ದ ಪಂದ್ಯಗಳು ೮೦೦ಕ್ಕೂ ಹೆಚ್ಚು. ಸೋತವು ಮೂವತ್ತನ್ನೂ ಮುಟ್ಟಲಿಲ್ಲ. ಮೈದಾನದಲ್ಲಿ ಅವರನ್ನು ಸೋಲಿಸಲಾರದೆ ಮೈದಾನವನ್ನೇ ಅವರಿಂದ ತೆಗೆದುಕೊಳ್ಳಬೇಕಾಯಿತು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ನಿಷೇಧ ತೆರವಾದುದು ೧೯೭೧ರಲ್ಲಿ. ಸಂಘ ಮುಚ್ಚಿ ಆರು ವರ್ಷಗಳಾಗಿದ್ದವು. ೧೯೭೮ರಲ್ಲಿ ಲಿಲಿ ಪಾರ್ ತೀರಿಕೊಂಡಳು. ೨೦೦೨ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯದ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆಯೆಂಬ ಗೌರವ ಅವಳ ಹೆಸರಿಗೆ ಸಂದಿತು. ೨೦೧೯ರಲ್ಲಿ ಅವಳ ಕಂಚಿನ ಪ್ರತಿಮೆಯೂ ನಿಂತಿತು. ಹಿಂದಿನ ನಿಷೇಧಕ್ಕಾಗಿ ೨೦೦೮ರಲ್ಲಿ ಅಸೋಸಿಯೇಷನ್ ಕ್ಷಮೆಯನ್ನೂ ಕೇಳಿತು. ಸತ್ತವರಿಗೆ ಸಲ್ಲುವ ಸನ್ಮಾನದಲ್ಲಿ ಬದುಕಿರುವವರಿಗೆ ಒಂದು ಪಾಠವಿರುತ್ತದೆ. ಆದರೆ ಕಸಿದುಕೊಂಡ ಯೌವನವನ್ನು ಕಂಚಿನಲ್ಲಿ ಎರಕಹೊಯ್ದು ಹಿಂತಿರುಗಿಸಲು ಬಾರದು.

ಪ್ರೆಸ್ಟನ್ನಿನಲ್ಲಿ ಬಾಗಿಲುಗಳು ಮುಚ್ಚಿದ ಅದೇ ಕಾಲದಲ್ಲಿ ಹತ್ತಿಯ ಎಳೆಯ ಈ ತುದಿಯಲ್ಲಿ ಏನು ನಡೆದಿತ್ತು? ನವಲಗುಂದದ ಕಡೆಯ ತಿರ್ಲಾಪುರದಲ್ಲಿ ೧೮೮೯ರಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು ಅಮೆರಿಕೆಯಲ್ಲಿ ವ್ಯಾಸಂಗ ಮುಗಿಸಿ ಬಂದು, ೧೯೨೩ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ಜನ್ಮ ಕೊಟ್ಟರು. ಕವಾಯತು, ಶಿಸ್ತು, ಸೇವೆ ಅದರ ಉಸಿರು. ಹುಬ್ಬಳ್ಳಿಯಲ್ಲಿ ಆಗ ಉಮಾಬಾಯಿ ಕುಂದಾಪುರ ಎಂಬ ತರುಣಿ ಪತಿಯನ್ನು ಕಳೆದುಕೊಂಡ ದುಃಖದಲ್ಲಿದ್ದರು. ಮಾವ ಆನಂದರಾಯರು ಸೊಸೆಯನ್ನು ಕೋಣೆಯ ಮೂಲೆಯಲ್ಲಿ ಕೂರಿಸಲಿಲ್ಲ; ಅವರ ಬೆನ್ನಿಗೆ ನಿಂತರು. ಉಮಾಬಾಯಿ ‘ಭಗಿನಿ ಮಂಡಳ’ವನ್ನು ಕಟ್ಟಿದರು, ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು, ಸೇವಾದಳದ ಮಹಿಳಾ ವಿಭಾಗದ ಮುಂದಾಳಾದರು. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ಊರೂರು ಸುತ್ತಿ, ನೂರೈವತ್ತಕ್ಕೂ ಮಿಕ್ಕಿ ಸ್ವಯಂಸೇವಿಕೆಯರ ಪಡೆಯನ್ನು ಸಿದ್ಧಗೊಳಿಸಿದರು. ಅವರಲ್ಲಿ ಮನೆಯ ಹೊಸಿಲನ್ನು ದಾಟಲು ಅಪ್ಪಣೆಯಿಲ್ಲದಿದ್ದ ವಿಧವೆಯರೂ ಇದ್ದರು.

೧೯೩೨ರಲ್ಲಿ ಸರಕಾರ ಉಮಾಬಾಯಿಯವರನ್ನು ಬಂಧಿಸಿ ಯರವಡಾ ಕಾರಾಗೃಹದಲ್ಲಿರಿಸಿತು. ನಾಲ್ಕು ತಿಂಗಳ ಶಿಕ್ಷೆ ಮುಗಿಸಿ ಹೊರಗೆ ಬಂದಾಗ ಆಸರೆಯಾಗಿದ್ದ ಮಾವ ಇಲ್ಲ. ಮನೆತನದ ಮುದ್ರಣಾಲಯ ಜಪ್ತಿಯಾಗಿತ್ತು. ಶಾಲೆಗೆ ಮುದ್ರೆ ಬಿದ್ದಿತ್ತು. ಭಗಿನಿ ಮಂಡಳ ಕಾನೂನುಬಾಹಿರವೆಂದು ಸಾರಲಾಗಿತ್ತು. ಇಲ್ಲಿಯೂ ಕಾಲ ಕೆಳಗಿನ ನೆಲವನ್ನು ಸುತ್ತಿ ಒಯ್ದಿದ್ದರು. ಕಾರಣ ಬೇರೆ, ಉಪಾಯ ಒಂದೇ. ಉಮಾಬಾಯಿಯವರು ಎದೆಗುಂದದೆ ತಮ್ಮ ಚಿಕ್ಕ ಮನೆಯಲ್ಲಿಯೇ ಸತ್ಯಾಗ್ರಹಿ ಮಹಿಳೆಯರಿಗೆ ಎಡೆ ಕೊಟ್ಟರು. ೧೯೪೬ರಲ್ಲಿ ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಭಾರವನ್ನು ಗಾಂಧೀಜಿ ಅವರಿಗೆ ವಹಿಸಿದರು. ಗ್ರಾಮಸೇವಿಕೆಯರನ್ನು ತರಬೇತುಗೊಳಿಸುವ ಕಾರ್ಯ ಹೀಗೆ ಅವರ ಪಾಲಿಗೆ ಬಂದಿತು. ೧೯೯೨ರಲ್ಲಿ, ನೂರರ ಹೊಸಿಲಿನಲ್ಲಿ, ಅವರು ಕಾಲವಾದರು.

ಕಾಲ್ಚೆಂಡಿನ ಮಾತಿಗೆ ಮರಳಿದರೆ, ಭಾರತದಲ್ಲಿ ಮಹಿಳೆಯರ ಆಟಕ್ಕೆ ಒಂದು ಸಂಘಟನೆ ಏರ್ಪಟ್ಟುದು ೧೯೭೫ರಲ್ಲಿ. ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದುದು ಉತ್ತರ ಪ್ರದೇಶದ ಸುಲ್ತಾನಪುರವೆಂಬ ಸಣ್ಣ ಊರಿನಲ್ಲಿ ಎಂಬುದು ಗಮನಾರ್ಹ. ಆ ಪೀಳಿಗೆಯ ರಾಷ್ಟ್ರೀಯ ಆಟಗಾರ್ತಿಯರಲ್ಲಿ ಕರ್ನಾಟಕದ ಚಿತ್ರಾ ಗಂಗಾಧರನ್ ಒಬ್ಬರು. ಸಂಘಗಳ ನಡುವಿನ ರಾಷ್ಟ್ರೀಯ ಮಹಿಳಾ ಲೀಗ್ ೨೦೧೬-೧೭ರಲ್ಲಿ ತೊಡಗಿ, ಮೊದಲ ಬಾರಿ ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದಿತು. ೨೦೨೫ರ ಜುಲೈಯಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲಿಯೇ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ ಏಷ್ಯಾ ಕಪ್ಪಿಗೆ ಮೊತ್ತಮೊದಲ ಬಾರಿ ಪ್ರವೇಶ ಪಡೆದರು. ಯಾವ ಮೈದಾನದ ಬಾಗಿಲಿನಲ್ಲಿಯೂ ‘ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ’ ಎಂಬ ಹಲಗೆ ಇಂದು ತೂಗುತ್ತಿಲ್ಲ.

ಆದರೂ ಸಂಜೆಯ ಹೊತ್ತು ತಾಲೂಕಿನ ಯಾವುದೇ ಊರಿನ ಬಯಲನ್ನು ಒಮ್ಮೆ ನೋಡಬೇಕು. ಅದು ಎರೆನಾಡಿನ ನವಲಗುಂದವಾಗಿರಲಿ, ಪಂಪನ ತಾಯಿಯ ತವರಿನ ನಂಟುಳ್ಳ ಅಣ್ಣಿಗೇರಿಯಾಗಿರಲಿ, ಸವಾಯಿ ಗಂಧರ್ವರ ಕುಂದಗೋಳವಾಗಿರಲಿ, ಅರೆಮಲೆನಾಡಿನ ಕಲಘಟಗಿಯಾಗಿರಲಿ. ಶಾಲೆಯ ದಿನಗಳಲ್ಲಿ ಖೋಖೋ, ಕಬಡ್ಡಿಗಳಲ್ಲಿ ಮಿಂಚಿನಂತೆ ಓಡುವ ಹುಡುಗಿಯರು ಕಾಣಸಿಗುತ್ತಾರೆ. ಹತ್ತನೆಯ ಇಯತ್ತೆ ಮುಗಿದ ಬೇಸಗೆಯ ತರುವಾಯ ಅವರಲ್ಲಿ ಎಷ್ಟೋ ಮಂದಿ ಅಲ್ಲಿರುವುದಿಲ್ಲ. ಅವರೊಡನೆ ಓದಿದ ಹುಡುಗರು ಮಾತ್ರ ಇರುತ್ತಾರೆ. ಯಾರೂ ಅವರನ್ನು ಆಡಬೇಡವೆಂದು ಹೇಳಿರುವುದಿಲ್ಲ. ಕತ್ತಲಾಗುವುದೆಂದು ಒಬ್ಬರು ಹೇಳಿರುತ್ತಾರೆ. ಊರಿನ ಕೊನೆಯ ಬಸ್ಸು ತಪ್ಪುವುದೆಂದು ಇನ್ನೊಬ್ಬರು. ನೋಡುವವರು ಏನೆಂದಾರು ಎಂದು ಮತ್ತೊಬ್ಬರು. ತಂಗಿಯನ್ನು ನೋಡಿಕೊಳ್ಳುವವರು ಯಾರು ಎಂದು ಮಗದೊಬ್ಬರು. ಪ್ರತಿಯೊಂದು ಮಾತಿನಲ್ಲಿಯೂ ಅಕ್ಕರೆಯಿದೆ, ಪ್ರತಿಯೊಂದರಲ್ಲಿಯೂ ನಿಜವಿದೆ. ಎಲ್ಲವೂ ಕೂಡಿದಾಗ ಮಾತ್ರ ಲಂಡನ್ನಿನ ಆ ಠರಾವಿಗೆ ಸಮನಾಗುತ್ತದೆ: ಆಡಬೇಡ ಎನ್ನದೆ ನೆಲವನ್ನು ಮಾತ್ರ ತೆಗೆದುಕೊಳ್ಳುತ್ತದೆ.

ಲಂಡನ್ನಿನ ಠರಾವಾದರೂ ಕಾಗದದ ಮೇಲಿತ್ತು. ಅದಕ್ಕೊಂದು ತಾರೀಖು ಇತ್ತು. ಐವತ್ತು ವರ್ಷ ತಡವಾಗಿಯಾದರೂ ಅದನ್ನು ಅಳಿಸಲು ಬಂದಿತು. ಬರೆಯದೇ ಇರುವ ಠರಾವನ್ನು ಯಾವ ಸಭೆ ರದ್ದುಮಾಡಬೇಕು? ಅದಕ್ಕೆ ಲಂಡನ್ನಿನ ದೊಡ್ಡವರೂ ಬೇಕಿಲ್ಲ, ದಿಲ್ಲಿಯ ದೊಡ್ಡವರೂ ಬೇಕಿಲ್ಲ. ಹುಬ್ಬಳ್ಳಿಯ ಮಾವನೊಬ್ಬ ಸೊಸೆಯ ಬೆನ್ನಿಗೆ ನಿಂತುದರಿಂದ ನೂರೈವತ್ತು ಮಂದಿ ಹೆಂಗಸರು ಬೆಳಗಾವಿಯ ಬಯಲಿಗೆ ಬಂದರು. ಮಗಳು ಆಡುತ್ತಿರುವಾಗ ಮನೆಯ ಹಿರಿಯರೊಬ್ಬರು ಸಂಜೆ ಆರು ಗಂಟೆಯವರೆಗೆ ಬಯಲಿನ ಅಂಚಿನಲ್ಲಿ ಬಂದು ನಿಂತರೆ, ಅಷ್ಟು ಹೊತ್ತಾದರೂ ಆ ನೆಲ ಅವಳದು.